ಸೈಕಲ್ ಹ್ಯಾಂಡಲ್ ಜಾರುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಹ್ಯಾಂಡಲ್ ಜಾರುತ್ತದೆ. ಇನ್ನೂ ಸ್ವಲ್ಪ ಬಿಗಿ ಮಾಡಲಾ?

ಬೇಡ. ಮೊದಲು ಬೋಲ್ಟ್ ತಿರುಗಿಸುವ ಆಲನ್ ಕೀ ಕೆಳಗಿಡಿ. ಬೋಲ್ಟ್ ಸಡಿಲ ಇದ್ದು ಹ್ಯಾಂಡಲ್ ಜಾರುವುದೂ ಉಂಟು, ಆದರೆ ಅದಾಗಿದ್ದರೆ ಒಂದು ಸಲ ಬಿಗಿ ಮಾಡಿದ ಕೂಡಲೇ ಸರಿಹೋಗಬೇಕಿತ್ತು ಅಲ್ವಾ? ಬಿಗಿ ಮಾಡಿದ ಮೇಲೂ ಜಾರುತ್ತಿದೆ ಅಂದರೆ ಕಾರಣ ಬೇರೆ. ಹ್ಯಾಂಡಲ್ ಮತ್ತು ಅದನ್ನು ಸುತ್ತಿ ಹಿಡಿಯುವ ಕ್ಲಾಂಪ್ ನಡುವೆ ಗ್ರೀಸೋ ಎಣ್ಣೆಯೋ ಸೇರಿಕೊಂಡಿರಬಹುದು. ಎರಡರ ಅಳತೆ ಬೇರೆ ಬೇರೆ ಇರಬಹುದು. ಕ್ಲಾಂಪ್ ಹಿಗ್ಗಿರಬಹುದು. ಅಥವಾ ಬೋಲ್ಟಿನ ಥ್ರೆಡ್‌ಗೆ ತುಕ್ಕು ಹಿಡಿದು, ನೀವು ಹಾಕುವ ಬಲವೆಲ್ಲ ಆ ತುಕ್ಕಿನ ಜೊತೆ ಗುದ್ದಾಡುವುದಕ್ಕೇ ಖರ್ಚಾಗಿ, ಕೈಗೆ ಮಾತ್ರ ಬಿಗಿ ಅನಿಸುತ್ತಿರಬಹುದು. ಇವು ಯಾವುದಕ್ಕೂ ಜಾಸ್ತಿ ತಿರುಗಿಸುವುದು ಮದ್ದಲ್ಲ. ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡು ಬರುತ್ತದೆ.

ಜಾರುತ್ತಿರುವುದು ಎಲ್ಲಿ ಅಂತ ಗೊತ್ತಾಗುವುದು ಹೇಗೆ?

ಜಾರುವ ಜಾಗ ಎರಡು. ಒಂದು, ಹ್ಯಾಂಡಲಿನ ಅಡ್ಡ ಕೊಳವೆಯು, ಅದನ್ನು ಮುಂದಿನ ಚಕ್ರದ ಫೋರ್ಕಿಗೆ (ಕವಲಿಗೆ) ಸೇರಿಸುವ ತುಂಡಾದ ಸ್ಟೆಮ್‌ನ ಕ್ಲಾಂಪ್ ಒಳಗೇ ಉರುಳುವುದು: ಗುಂಡಿಗೆ ಬಿದ್ದ ಕೂಡಲೇ ಬ್ರೇಕ್ ಲಿವರ್‌ಗಳು ನೆಲ ನೋಡುತ್ತವೆ. ಇನ್ನೊಂದು, ಸ್ಟೆಮ್ ಸಮೇತ ಹ್ಯಾಂಡಲ್ ಪಕ್ಕಕ್ಕೆ ತಿರುಗುವುದು: ನೀವು ಎಡಕ್ಕೆ ತಿರುಗಿಸುತ್ತೀರಿ, ಮುಂದಿನ ಚಕ್ರ ಸುಮ್ನೆ ನೇರ ಹೋಗುತ್ತಿರುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು.

ಅನುಮಾನ ಇದ್ದರೆ ಮಾರ್ಕರ್ ಪೆನ್ನಿನಿಂದಲೋ ಉಗುರಿನ ಬಣ್ಣದಿಂದಲೋ ಕ್ಲಾಂಪ್ ಮತ್ತು ಹ್ಯಾಂಡಲ್ ಎರಡನ್ನೂ ದಾಟುವಂತೆ ಒಂದು ಸಣ್ಣ ಗೆರೆ ಎಳೆಯಿರಿ. ಸ್ಟೆಮ್ ಮತ್ತು ಫೋರ್ಕ್ ಸೇರುವ ಕಡೆ ಇನ್ನೊಂದು. ಒಂದು ಸುತ್ತು ಹೋಗಿ ಬನ್ನಿ. ಯಾವ ಗೆರೆ ಮುರಿದಿದೆಯೋ ಅಲ್ಲೇ ಕೆಲಸ. ರಿಪೇರಿ ಆದ ಮೇಲೂ ಗೆರೆ ಅಳಿಸಬೇಡಿ, ಅದು ಕಾವಲಿಗೆ ಇರಲಿ.

ಹ್ಯಾಂಡಲ್ ಗಟ್ಟಿಯಾಗಿದ್ದು ಬರೀ ಹಿಡಿಯ ರಬ್ಬರ್ ತಿರುಗುತ್ತಿದ್ದರೆ ಅದು ಬೇರೆ ವಿಷಯ, ಕೊನೆಯಲ್ಲಿ ಹೇಳಿದ್ದೇನೆ.

ಏನೂ ಖರ್ಚಿಲ್ಲದೆ ಮೊದಲು ಏನು ಮಾಡಬಹುದು?

ಬಿಚ್ಚಿ ಒರೆಸಿ. ಇದನ್ನು ಹೇಳಿದರೆ ಜನಕ್ಕೆ ಬೇಜಾರು, ಯಾಕೆಂದರೆ ಇದರಲ್ಲಿ ಜಾಣತನ ಏನೂ ಕಾಣುವುದಿಲ್ಲ. ಆದರೆ ಅರ್ಧ ಕೇಸು ಇಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನಿಸಿಕೆ.

ಹ್ಯಾಂಡಲ್ ಹೊರತೆಗೆದು, ಕ್ಲಾಂಪ್ ಕೂರುವ ಜಾಗವನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಉಜ್ಜಿ. ಸ್ಪಿರಿಟ್ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು, ಆಮೇಲೆ ಪೂರ್ತಿ ಒಣಗಿಸಿ. ಕ್ಲಾಂಪಿನ ಒಳಮೈಯನ್ನೂ ಹಾಗೇ ಮಾಡಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಬೇಕು. ಅಲ್ಯೂಮಿನಿಯಂ ಅಲ್ಲಾಡುತ್ತಾ ಸವೆದರೆ ಬೂದು ಬಣ್ಣದ ಹಿಟ್ಟಿನಂಥ ಪುಡಿ ಬರುತ್ತದೆ, ಅದು ಕಂಡರೆ ಇಲ್ಲಿ ಜಾರುವುದು ಶುರುವಾಗಿ ತುಂಬಾ ದಿನ ಆಯಿತು ಅಂತ ಅರ್ಥ.

ಈಗ ಬೋಲ್ಟ್‌ಗಳನ್ನು ಪೂರ್ತಿ ಬಿಚ್ಚಿ, ಥ್ರೆಡ್ ಉಜ್ಜಿ, ಥ್ರೆಡ್‌ಗೆ ಮತ್ತು ತಲೆಯ ಕೆಳಭಾಗಕ್ಕೆ ಒಂದು ಚೂರು ಗ್ರೀಸ್ ಹಚ್ಚಿ. ಗ್ರೀಸ್ ಬೋಲ್ಟಿಗೆ, ಹ್ಯಾಂಡಲ್‌ಗಲ್ಲ. ಬೋಲ್ಟ್ ನಯವಾಗಿ ತಿರುಗಿದಷ್ಟೂ ನಿಮ್ಮ ಬಲ ಕ್ಲಾಂಪನ್ನು ಒತ್ತುವುದಕ್ಕೆ ಹೋಗುತ್ತದೆ.

ಎಷ್ಟು ಬಿಗಿ ಮಾಡಬೇಕು? ನನ್ನ ಹತ್ತಿರ ಟಾರ್ಕ್ ರೆಂಚ್ (ಬಿಗಿ ಅಳೆಯುವ ಕೀ) ಇಲ್ಲ.

ಈಗಿನ ಸ್ಟೆಮ್‌ಗಳಲ್ಲಿ ಹೆಚ್ಚಾಗಿ ಎಂ5, ಅಂದರೆ 5 ಮಿಲಿಮೀಟರ್ ದಪ್ಪದ ಬೋಲ್ಟ್ ಇರುತ್ತದೆ, ಅದರ ಬಿಗಿ ಸಾಮಾನ್ಯವಾಗಿ ಸುಮಾರು 5 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಸ್ಟೆಮ್ ಮೇಲೇ ಬರೆದಿರುತ್ತದೆ, ಬರೆದದ್ದು ಬೇರೆ ಇದ್ದರೆ ಅದನ್ನೇ ನಂಬಿ.

ಟಾರ್ಕ್ ರೆಂಚ್ ಇಲ್ಲದೆ ಅಳೆಯುವ ಒಂದು ದಾರಿ ಇದೆ. ಲಗೇಜ್ ತೂಗುವ ಕೈತಕ್ಕಡಿ ತೆಗೆದುಕೊಳ್ಳಿ. ಆಲನ್ ಕೀಯ ಗಿಡ್ಡ ತುದಿಯನ್ನು ಬೋಲ್ಟಿಗೆ ಹಾಕಿ, ಬೋಲ್ಟಿನ ನಡುಮಧ್ಯದಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಉದ್ದ ತೋಳಿಗೆ ಒಂದು ದಾರದ ಕುಣಿಕೆ ಹಾಕಿ. ಕುಣಿಕೆಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಕೀಗೆ ಲಂಬವಾಗಿ ಎಳೆಯಿರಿ. ತಕ್ಕಡಿ 5 ಕೆಜಿ ತೋರಿಸಿದಾಗ ಬೋಲ್ಟ್ ಮೇಲಿರುವುದು 4.9 ನ್ಯೂಟನ್ ಮೀಟರ್. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ, ಅಷ್ಟೇ. ಒಂದೆರಡು ಸಲ ಹೀಗೆ ಮಾಡಿದರೆ ಕೈಗೇ ಅಂದಾಜು ಸಿಗುತ್ತದೆ. ಎಷ್ಟೋ ಜನ ಇದರ ದುಪ್ಪಟ್ಟು ಬಿಗಿ ಮಾಡುತ್ತಿರುತ್ತಾರೆ.

ನಾಲ್ಕು ಬೋಲ್ಟಿನ ಮುಂಭಾಗದ ತಟ್ಟೆ ಇದ್ದರೆ ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ. ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ. ಮೇಲಿನ ಸಂದು, ಕೆಳಗಿನ ಸಂದು ಒಂದೇ ಸಮ ಇರಬೇಕು. ಮೇಲಿನ ಸಂದು ಪೂರ್ತಿ ಮುಚ್ಚಿಕೊಳ್ಳುವಂತೆ ಮಾಡಿರುವ ಸ್ಟೆಮ್‌ಗಳೂ ಇವೆ, ಆದರೆ ಅವುಗಳ ಮೇಲೆ ಹಾಗಂತ ಗುರುತು ಇರುತ್ತದೆ.

ಬಿಗಿ ಮಾಡಿದಾಗ ಕ್ಲಾಂಪಿನ ಸೀಳು ಪೂರ್ತಿ ಮುಚ್ಚಿಕೊಳ್ಳುತ್ತದೆ. ಇದು ಸರಿನಾ?

ಮೇಲೆ ಹೇಳಿದ ಗುರುತಿನ ಸ್ಟೆಮ್ ಬಿಟ್ಟರೆ, ಸರಿಯಲ್ಲ. ಸೀಳಿನ ಎರಡು ತುಟಿ ಒಂದಕ್ಕೊಂದು ತಾಗಿದ ಮೇಲೆ ಬೋಲ್ಟ್ ಒತ್ತುವುದು ಆ ತುಟಿಗಳನ್ನು, ಹ್ಯಾಂಡಲನ್ನಲ್ಲ. ಇನ್ನು ಎಷ್ಟು ತಿರುಗಿಸಿದರೂ ಒಂದು ಕೂದಲಿನಷ್ಟೂ ಹಿಡಿತ ಹೆಚ್ಚುವುದಿಲ್ಲ. ಹ್ಯಾಂಡಲ್ ಕ್ಲಾಂಪಿಗಿಂತ ಸಣ್ಣದು, ಅಥವಾ ಕ್ಲಾಂಪ್ ಹಿಗ್ಗಿದೆ. ಮಧ್ಯೆ ತಗಡು ಕೊಡಬೇಕಾದ್ದು ಇಂಥ ಕಡೆಯೇ.

ಅಳತೆ ಬೇರೆ ಬೇರೆ ಅಂದಿರಲ್ಲ, ಎಷ್ಟೆಷ್ಟು ಇರುತ್ತವೆ?

ಕ್ಲಾಂಪ್ ಕೂರುವ ಜಾಗದಲ್ಲಿ ಹ್ಯಾಂಡಲಿನ ವ್ಯಾಸ ಸಾಮಾನ್ಯವಾಗಿ 25.4, 26.0, 31.8, 35 ಮಿಲಿಮೀಟರ್. ಕಸರತ್ತಿನ ಸಣ್ಣ ಸೈಕಲ್ ಬಿಎಂಎಕ್ಸ್‌ನಲ್ಲಿ 22.2. ಗೋಳು ಇರುವುದೆಲ್ಲ ಮೊದಲ ಎರಡರಲ್ಲಿ. 25.4ರ ಹ್ಯಾಂಡಲ್ ತಂದು 26.0ರ ಹಳೆಯ ರೇಸಿಂಗ್ ಸ್ಟೆಮ್‌ಗೆ ಹಾಕಿದರೆ ನೋಡುವುದಕ್ಕೆ ಕೂತಂತೆಯೇ ಕಾಣುತ್ತದೆ, ಆದರೆ ಭಾರ ಬಿದ್ದಾಗ ಉರುಳುತ್ತದೆ. ವ್ಯತ್ಯಾಸ ಬರೀ 0.6 ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ.

ವರ್ನಿಯರ್ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಹ್ಯಾಂಡಲಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಅದು ಒಂದರ ಮೇಲೊಂದು ಬರುವ ಕಡೆ ಪಿನ್ನಿನಿಂದ ಚುಚ್ಚಿ. ಬಿಡಿಸಿ, ಎರಡು ತೂತುಗಳ ನಡುವಿನ ದೂರ ಅಳೆಯಿರಿ. 25.4ರ ಹ್ಯಾಂಡಲಿಗೆ ಅದು 80 ಮಿಲಿಮೀಟರ್ ಹತ್ತಿರ, 26.0ಕ್ಕೆ 82ರ ಹತ್ತಿರ ಬರುತ್ತದೆ. ಶಾಲೆ ಸ್ಕೇಲಿನಲ್ಲೇ ಗೊತ್ತಾಗುವಷ್ಟು ವ್ಯತ್ಯಾಸ.

ಪಾನೀಯದ ಕ್ಯಾನ್ ಕತ್ತರಿಸಿ ಹಾಕುತ್ತಾರಂತೆ, ನಿಜವಾಗಿಯೂ ಕೆಲಸ ಮಾಡುತ್ತದಾ?

ಮಾಡುತ್ತದೆ. ಹ್ಯಾಂಡಲ್ ಸ್ಟೆಮ್ ಎರಡೂ ಲೋಹದ್ದಾಗಿದ್ದು, ಸಂದು ಸಣ್ಣದಿದ್ದರೆ ತಾತ್ಕಾಲಿಕ ಉಪಾಯಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಯೂಮಿನಿಯಂ ಕ್ಯಾನಿನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ. 0.6 ಮಿಲಿಮೀಟರ್ ವ್ಯತ್ಯಾಸ ಅಂದರೆ ಸುತ್ತಲೂ 0.3 ತುಂಬಬೇಕು, ಹಾಗಾಗಿ ಮೂರು ಪದರ. ಕ್ಯಾನಿನ ತಲೆ, ತಳ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ ಹಾಳೆಯಂತೆ ಬಿಡಿಸಿ. ದಪ್ಪ ಕೈಗವಸು ಹಾಕಿಕೊಳ್ಳಿ, ಆ ಅಂಚು ಬ್ಲೇಡಿನಷ್ಟೇ ಹರಿತ. ಮಾಮೂಲಿ ಗಾತ್ರದ ಕ್ಯಾನ್ ಬಿಡಿಸಿದರೆ 20 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ ಬರುತ್ತದೆ. ಒಂದೇ ಉದ್ದ ಪಟ್ಟಿಯನ್ನು ಸುರುಳಿ ಸುತ್ತುವ ಆಸೆ ಆಗುತ್ತದೆ. ಅದು ಬೇಡ, ಸುತ್ತು ಮುಗಿಯುವ ಕಡೆ ಒಂದು ಮೆಟ್ಟಿಲು ಉಳಿದು ಒತ್ತಡ ಅಲ್ಲೇ ಕೂರುತ್ತದೆ. 78 ಮಿಲಿಮೀಟರ್ ಉದ್ದದ ಬೇರೆ ಬೇರೆ ತುಂಡು ಮಾಡಿ. ಅಗಲ ಕ್ಲಾಂಪಿನ ಅಗಲದಷ್ಟೇ, ಹೊರಗೆ ಇಣುಕಬಾರದು.

ಎರಡೂ ಬದಿ ಉಪ್ಪು ಕಾಗದದಿಂದ ಉಜ್ಜಿ. ಹೊರಗಿನ ಬಣ್ಣ ಮಾತ್ರ ಅಲ್ಲ, ಒಳಗೂ ಒಂದು ಲೇಪ ಇರುತ್ತದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ನುಣುಪಾಗಿ ಸಿಗುತ್ತದೆ. ಎರಡೂ ಹೋಗಿ ತಗಡು ಮಾಸಲು ಬೆಳ್ಳಿ ಬಣ್ಣಕ್ಕೆ ಬರಬೇಕು. ಅಂಚುಗಳನ್ನು ಸಣ್ಣ ಅರದಿಂದ ತೀಡಿ.

ಮೊದಲು ಒಂದೇ ಪದರ ಹಾಕಿ ನೋಡಿ. ಹ್ಯಾಂಡಲಿನ ಮೇಲೆ ಬೆರಳಿನಿಂದ ಬಾಗಿಸಿ ಕೂರಿಸಿ, ಪಟ್ಟಿಯ ಎರಡು ತುದಿಗಳ ನಡುವಿನ ಆ 2 ಮಿಲಿಮೀಟರ್ ಖಾಲಿ ಜಾಗ ಕ್ಲಾಂಪಿನ ಸೀಳಿನ ನೇರಕ್ಕೆ ಬರಲಿ, ಆಗ ತಗಡು ಸೀಳಿನೊಳಗೆ ಚಿವುಟಿಕೊಳ್ಳದೆ ಕ್ಲಾಂಪಿನ ಜೊತೆಗೇ ಮುದುಡುತ್ತದೆ. ಬಿಗಿ ಮಾಡಿ. ಸೀಳು ಇನ್ನೂ ಮುಚ್ಚುತ್ತಿದ್ದರೆ ಇನ್ನೊಂದು ಪದರ. ಸರಿಯಾದ ಬಿಗಿಯಲ್ಲಿ ಸೀಳು ಒಂದೆರಡು ಮಿಲಿಮೀಟರ್ ತೆರೆದೇ ಇದ್ದರೆ ಸಾಕು, ನಿಲ್ಲಿಸಿ. ಮೂರು ಪದರಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ನಿಮ್ಮ ಕ್ಲಾಂಪ್ ಹಿಗ್ಗಿದೆ, ಅಥವಾ ಅಳತೆಯೇ ಪೂರ್ತಿ ಬೇರೆ.

31.8ರ ಸ್ಟೆಮ್‌ಗೆ 25.4ರ ಹ್ಯಾಂಡಲ್? ಕ್ಯಾನ್ ಪಟ್ಟಿಯನ್ನೇ ದಪ್ಪ ಸುತ್ತಲಾ?

ಒಂದೊಂದು ಬದಿಗೆ 3.2 ಮಿಲಿಮೀಟರ್, ಅಂದರೆ ಮೂವತ್ತು ಪದರಕ್ಕೂ ಮೇಲೆ. ಆಗದ ಮಾತು. ಇದಕ್ಕೆ ಅಂತಲೇ ಅಲ್ಯೂಮಿನಿಯಂ ಶಿಮ್ ಸಿಗುತ್ತದೆ, ಎರಡು ಅರ್ಧ ಬಳೆಯಂತೆ ಇರುತ್ತದೆ. ಅದನ್ನು ತನ್ನಿ.

ಕ್ಯಾನ್ ಇಲ್ಲ. ಹಳೆ ಟ್ಯೂಬು, ಇನ್ಸುಲೇಷನ್ ಟೇಪು, ರಟ್ಟು?

ಮೂರೂ ಬೇಡ. ಮೆತ್ತಗಿರುವ ವಸ್ತುವನ್ನು ಒತ್ತಿ ಹಿಡಿದರೆ ಅದು ನಿಧಾನಕ್ಕೆ ಹಿಂಡಿಕೊಂಡು ಪಕ್ಕಕ್ಕೆ ಹರಿಯುತ್ತದೆ. ಅದು ತೆಳುವಾದಷ್ಟೂ ಬೋಲ್ಟಿನ ಬಿಗಿ ಇಳಿಯುತ್ತದೆ. ಬೆಳಿಗ್ಗೆ ಬಂಡೆಯಂತಿದ್ದ ಹ್ಯಾಂಡಲ್ ಸಂಜೆ ಅಲ್ಲಾಡುತ್ತದೆ. ಇನ್ಸುಲೇಷನ್ ಟೇಪಿನ ಅಂಟು ಬಿಸಿಲಿಗೆ ಕರಗಿ ಇನ್ನೂ ಜಾರಿಕೆ ಮಾಡಿಕೊಡುತ್ತದೆ. ಟ್ಯೂಬಿನ ರಬ್ಬರ್ ಗಂಟೆಗೆ, ದೀಪಕ್ಕೆ, ಫೋನ್ ಸ್ಟ್ಯಾಂಡಿಗೆ ಬಹಳ ಒಳ್ಳೆಯದು, ಅವು ಜಾರಿದರೆ ಯಾರೂ ಬೀಳುವುದಿಲ್ಲ. ಅಡುಗೆ ಮನೆಯ ಫಾಯಿಲ್ ಕೂಡ ಪ್ರಯೋಜನವಿಲ್ಲ, ಮಡಿಸಿ ಮಡಿಸಿ ಹಾಕಿದರೂ ಸುಕ್ಕುಗಳ ನಡುವಿನ ಗಾಳಿ ಹೋದ ಮೇಲೆ ಅದೂ ಸಡಿಲವೇ.

ಹಿತ್ತಾಳೆಯ ತೆಳು ತಗಡು ಸಿಕ್ಕಿದರೆ ಕ್ಯಾನಿಗಿಂತ ಚೆನ್ನ, ದಪ್ಪ ನೋಡಿ ತರಬಹುದು. ಆದರೆ ಅಲ್ಯೂಮಿನಿಯಂ ಜೊತೆ ಹಿತ್ತಾಳೆಯೋ ಕಬ್ಬಿಣವೋ ಸೇರಿ, ಮಳೆ ನೀರು ಬೆವರು ಬಿದ್ದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಆಗಾಗ ಬಿಚ್ಚಿ ನೋಡುತ್ತಿರಬೇಕು.

ಉಪ್ಪು ಕಾಗದವನ್ನೇ ಮಧ್ಯೆ ಇಟ್ಟರೆ?

ಹಿಡಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಮನೆ ಮುಟ್ಟುವುದಕ್ಕೆ ಸಾಕು. ಆದರೆ ಹಿಂಬದಿಯ ಕಾಗದ ನೆನೆದರೆ ಮುದ್ದೆಯಾಗುತ್ತದೆ, ಮತ್ತೆ ಜಾರುವುದು ಶುರು. ಅದಕ್ಕಿಂತ ನನಗೆ ಇಷ್ಟವಾಗದ್ದು ಇನ್ನೊಂದು. ಜಾರುವಾಗ ಆ ಕಾಳುಗಳು ಹ್ಯಾಂಡಲಿನ ಸುತ್ತ ಬಳೆಯಂತೆ ಗೀರು ಎಳೆಯುತ್ತವೆ. ಕೈಭಾರಕ್ಕೆ ಹ್ಯಾಂಡಲ್ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಕ್ಲಾಂಪಿನ ಅಂಚಿನಲ್ಲಿ, ಬಿರುಕು ಬಿಡುವುದೂ ಅದೇ ಅಡ್ಡ ದಿಕ್ಕಿನಲ್ಲಿ. ಅಂದರೆ ಬಿರುಕಿಗೆ ನಾವೇ ದಾರಿ ಗೀಚಿ ಕೊಟ್ಟಂತೆ. ಕ್ಲಾಂಪಿನ ಒಳಮೈಯನ್ನು ಉಪ್ಪು ಕಾಗದದಿಂದ ಸ್ವಲ್ಪ ಒರಟು ಮಾಡುವುದು ಬೇರೆ, ಅದು ಪರವಾಗಿಲ್ಲ. ಹ್ಯಾಂಡಲನ್ನು ಮಾತ್ರ ಗೀರಬೇಡಿ. ಪಂಚ್ ಹೊಡೆದು ಚುಕ್ಕಿ ಚುಕ್ಕಿ ಮಾಡುವ ಹಳೆಯ ಉಪಾಯವೂ ಇದೇ ಕಾರಣಕ್ಕೆ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ.

ಟೂತ್‌ಪೇಸ್ಟ್, ವಾಲ್ವ್ ಉಜ್ಜುವ ಪೇಸ್ಟ್, ಇಂಥವು?

ಟೂತ್‌ಪೇಸ್ಟ್ ಒಣಗಿದರೆ ಪುಡಿ, ನೆನೆದರೆ ಜಾರಿಕೆ. ಬಿಡಿ. ಎಂಜಿನ್ ವಾಲ್ವ್ ಕೂರಿಸುವ ಪೇಸ್ಟಿನಲ್ಲಿ ಗಟ್ಟಿ ಕಾಳು ಇರುತ್ತದೆ, ಲೋಹಕ್ಕೆ ಲೋಹ ಇದ್ದಾಗ ತೆಳ್ಳಗೆ ಸವರಿದರೆ ಹಿಡಿತ ಹೆಚ್ಚುತ್ತದೆ, ಆದರೆ ಗೀರಿನ ತಕರಾರು ಇಲ್ಲೂ ಇದೆ. ಸೈಕಲ್‌ಗೆ ಅಂತಲೇ ಬರುವ ಘರ್ಷಣೆ ಪೇಸ್ಟ್, ಅಂದರೆ ಕಾರ್ಬನ್ ಅಸೆಂಬ್ಲಿ ಪೇಸ್ಟ್, ಸಣ್ಣ ಪೊಟ್ಟಣದಲ್ಲೂ ಸಿಗುತ್ತದೆ. ಅದರೊಳಗಿನ ಸಣ್ಣ ಮಣಿಗಳು ಕಡಿಮೆ ಬಿಗಿಯಲ್ಲೇ ಹಿಡಿತ ಕೊಡುತ್ತವೆ. ಹೆಸರು ಕಾರ್ಬನ್ ಅಂತಿದ್ದರೂ ಅಲ್ಯೂಮಿನಿಯಂಗೂ ನಡೆಯುತ್ತದೆ. ಅಳತೆ ಸರಿ ಇದ್ದೂ ಜಾರುವ ಹ್ಯಾಂಡಲಿಗೆ ನಾನು ಮೊದಲು ಹೇಳುವುದು ಇದನ್ನೇ. ಅಳತೆ ತಪ್ಪಿದ್ದರೆ ಮಾತ್ರ ಇದರಿಂದ ಏನೂ ಆಗದು.

ನನ್ನದು ಕಾರ್ಬನ್ ಫೈಬರ್ ಹ್ಯಾಂಡಲ್.

ಹಾಗಿದ್ದರೆ ಮೇಲಿನದ್ದರಲ್ಲಿ ಒರೆಸುವುದು, ಕಾರ್ಬನ್ ಪೇಸ್ಟ್, ಸರಿಯಾದ ಟಾರ್ಕ್, ಇಷ್ಟೇ ನಿಮಗೆ. ಕ್ಯಾನ್ ಪಟ್ಟಿ ಇಲ್ಲ, ಉಪ್ಪು ಕಾಗದ ಇಲ್ಲ, ಅಂದಾಜಿನ ಬಿಗಿ ಇಲ್ಲ. ತಗಡಿನ ಅಂಚು ನಾರನ್ನು ಕತ್ತರಿಸುತ್ತದೆ, ಹೊರಗೆ ಏನೂ ಕಾಣದೆ ಒಂದು ದಿನ ಮುರಿಯುತ್ತದೆ.

ಅಂಟು ಹಾಕಿದರೆ? ಒಂದು ತೂತು ಕೊರೆದು ಬೋಲ್ಟ್ ಹಾಕಿದರೆ? ವೆಲ್ಡಿಂಗ್?

ಅಂಟು ಹಾಕಿದ ಹ್ಯಾಂಡಲ್ ಸದ್ಯಕ್ಕೆ ನಿಲ್ಲಬಹುದು, ಆಮೇಲೆ ಬಿಚ್ಚುವುದಕ್ಕೇ ಆಗುವುದಿಲ್ಲ, ಒಳಗೆ ಬಿರುಕು ಬಂದಿದ್ದರೂ ನೋಡಲಾರಿರಿ. ಥ್ರೆಡ್ ಲಾಕರ್ ಇರುವುದು ಬೋಲ್ಟ್ ಅದುರಿ ಸಡಿಲವಾಗದಿರಲಿ ಅಂತ, ಅದನ್ನು ಥ್ರೆಡ್‌ಗಷ್ಟೇ ಹಾಕಿ.

ತೂತು ಮಾತ್ರ ಖಂಡಿತ ಬೇಡ. ಹ್ಯಾಂಡಲ್ ಅತ್ಯಂತ ಹೆಚ್ಚು ಒತ್ತಡ ಹೊರುವ ಜಾಗದಲ್ಲಿ ಕೊಳವೆಯನ್ನು ಕೊರೆದು, ಮುರಿಯುವುದು ಇಲ್ಲೇ ಅಂತ ಗುರುತು ಹಾಕಿದ ಹಾಗಾಗುತ್ತದೆ. ಅಲ್ಯೂಮಿನಿಯಂ ವೆಲ್ಡ್ ಮಾಡಿದರೆ ಶಾಖ ತಾಗಿದ ಭಾಗ ಮೆತ್ತಗಾಗುತ್ತದೆ. ಹಳೆಯ ಕಬ್ಬಿಣದ ಹ್ಯಾಂಡಲ್‌ಗಳನ್ನು ವೆಲ್ಡ್ ಮಾಡಿ ವರ್ಷಗಟ್ಟಲೆ ಓಡಿಸಿದವರು ಇದ್ದಾರೆ, ಆದರೂ ಹೊಸ ಸ್ಟೆಮ್ ತರುವುದೇ ಸುಲಭ.

ಚಕ್ರ ಒಂದು ಕಡೆ, ಹ್ಯಾಂಡಲ್ ಒಂದು ಕಡೆ. ಹಳೆಯ ಮಾದರಿಯ ಸ್ಟೆಮ್.

ಫೋರ್ಕಿನ ಕೊಳವೆಯೊಳಗೆ ಇಳಿಯುವ ಕ್ವಿಲ್ ಸ್ಟೆಮ್ ಅದು. ಮೇಲಿನ ಉದ್ದ ಬೋಲ್ಟ್ ಬಿಗಿ ಮಾಡಿದಾಗ ಕೆಳಗಿನ ಓರೆ ಬೆಣೆ ಮೇಲಕ್ಕೆ ಬಂದು ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಜಾರುತ್ತಿದ್ದರೆ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ, ಬೆಣೆ ಬಿಟ್ಟುಕೊಳ್ಳುತ್ತದೆ. ಸ್ಟೆಮ್ ಹೊರಗೆ ತೆಗೆಯಿರಿ. ತುಕ್ಕು, ಹಳೆ ಗ್ರೀಸ್ ಎಲ್ಲ ತೆಗೆದು, ಬೋಲ್ಟಿನ ಥ್ರೆಡ್‌ಗೆ ಹೊಸ ಗ್ರೀಸ್ ಹಚ್ಚಿ. ಸ್ಟೆಮ್ ಮೈಗೂ ತೆಳ್ಳಗೆ ಹಚ್ಚಿ. ಹ್ಯಾಂಡಲಿಗೆ ಗ್ರೀಸ್ ಬೇಡ ಅಂದು ಇಲ್ಲಿ ಹಚ್ಚಿ ಅನ್ನುತ್ತೀರಲ್ಲ ಅಂದರೆ, ಇಲ್ಲಿ ಹಿಡಿಯುವುದು ಬೆಣೆಯ ಬಲ, ಗ್ರೀಸ್ ಇಲ್ಲದಿದ್ದರೆ ಸ್ಟೆಮ್ ತುಕ್ಕು ಹಿಡಿದು ಕೊಳವೆಗೇ ಅಂಟಿಕೊಂಡುಬಿಡುತ್ತದೆ.

ಬೋಲ್ಟ್ ಸುಮ್ನೆ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ ಅಂದರೆ ಬೆಣೆಯೂ ಜೊತೆಗೆ ಸುತ್ತುತ್ತಿದೆ ಅಂತ. ಶಂಕುವಿನ ಆಕಾರದ್ದಾದರೆ ಅದರ ಸಣ್ಣ ಕಿವಿಗಳು ಸ್ಟೆಮ್‌ನ ಸೀಳಿನಲ್ಲಿ ಕೂತಿಲ್ಲ. ಹೊರಗೇ ಸರಿಯಾಗಿ ಕೂರಿಸಿ, ಬೆರಳಲ್ಲೇ ಸ್ವಲ್ಪ ಬಿಗಿ ಮಾಡಿ, ಆಮೇಲೆ ಇಳಿಸಿ. ಸ್ಟೆಮ್ ಮೇಲೆ ಕನಿಷ್ಠ ಆಳದ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣಬಾರದು. ಎತ್ತರ ಬೇಕು ಅಂತ ಮೇಲೆ ಎಳೆದು, ಬೆಣೆ ಕೊಳವೆಯ ಥ್ರೆಡ್ ಇರುವ ಭಾಗಕ್ಕೆ ಬಂದರೆ ಕೊಳವೆ ಉಬ್ಬಿ ಒಡೆಯಬಹುದು.

ಹೊಸ ಮಾದರಿ, ಕೊಳವೆಯನ್ನು ಹೊರಗಿನಿಂದ ಹಿಡಿಯುವ ಸ್ಟೆಮ್?

ಎಲ್ಲರೂ ಮೇಲಿನ ಮುಚ್ಚಳದ ಬೋಲ್ಟ್ ತಿರುಗಿಸುತ್ತಾರೆ. ಅದು ಬೇರಿಂಗ್‌ನ ಸಡಿಲ ತೆಗೆಯುವುದಕ್ಕೆ ಮಾತ್ರ. ಹಿಡಿಯುವುದು ಪಕ್ಕದ ಎರಡು ಬೋಲ್ಟ್. ಅವನ್ನು ಸಡಿಲಿಸಿ, ಮೇಲಿನದನ್ನು ಅಲ್ಲಾಟ ಹೋಗುವಷ್ಟು ಮಾತ್ರ ಬಿಗಿ ಮಾಡಿ, ಸ್ಟೆಮ್ ಚಕ್ರದ ನೇರಕ್ಕೆ ತನ್ನಿ, ಕೊನೆಗೆ ಪಕ್ಕದವನ್ನು ಒಂದಾದ ಮೇಲೊಂದು ಬಿಗಿ ಮಾಡಿ.

ದಾರಿ ಮಧ್ಯದಲ್ಲಿ ಜಾರಿತು, ಕೀ ಕೂಡ ಇಲ್ಲ.

ಚಕ್ರ ಮತ್ತು ಹ್ಯಾಂಡಲ್ ಬೇರೆ ಬೇರೆ ತಿರುಗುತ್ತಿದ್ದರೆ ತಳ್ಳಿಕೊಂಡು ಹೋಗಿ, ಬೇರೆ ಮಾತಿಲ್ಲ. ಬರೀ ಉರುಳುತ್ತಿದ್ದರೆ, ಭಾರವನ್ನೆಲ್ಲ ಸೀಟಿನ ಮೇಲೆ ಹಾಕಿ, ಹ್ಯಾಂಡಲ್ ಮೇಲೆ ಒರಗದೆ ನಿಧಾನ ಹೋಗಬಹುದು. ಸ್ಟೆಮ್ ಹತ್ತಿರ ಹಿಡಿದರೆ ಉರುಳುವ ಬಲ ಕಡಿಮೆ, ಆದರೆ ಬಾಗಿದ ರೇಸಿಂಗ್ ಹ್ಯಾಂಡಲ್‌ನಲ್ಲಿ ಅಲ್ಲಿಂದ ಬ್ರೇಕ್ ಎಟಕುವುದಿಲ್ಲ. ಹಾಗಾಗಿ ಇಳಿಜಾರು ಬಂದಲ್ಲಿ ಇಳಿದು ನಡೆಯಿರಿ.

ಆಲನ್ ಬೋಲ್ಟಿನ ಗುಳಿ ಸವೆದು ದುಂಡಗಾಗಿದೆ.

4 ಮಿಲಿಮೀಟರ್ ಗುಳಿಗೆ ಟಿ25 ಟಾರ್ಕ್ಸ್ ಬಿಟ್ (ನಕ್ಷತ್ರದ ಆಕಾರದ ತುದಿ) ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ, ಹಿಂದಕ್ಕೆ ತಿರುಗಿಸಿ. ಹೆಚ್ಚಾಗಿ ಬರುತ್ತದೆ. ಆ ಬೋಲ್ಟನ್ನು ಮತ್ತೆ ಹಾಕಬೇಡಿ.

ರಿಪೇರಿ ಗಟ್ಟಿಯಾಗಿದೆ ಅಂತ ಹೇಗೆ ನಂಬುವುದು?

ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ. ಆಮೇಲೆ ಪಕ್ಕದಲ್ಲಿ ನಿಂತು ಬ್ರೇಕ್ ಲಿವರ್‌ಗಳ ಬುಡದ ಮೇಲೆ ಎರಡೂ ಕೈಯಿಂದ ಮೈಭಾರ ಹಾಕಿ ನಾಲ್ಕು ಸಲ ಕುಲುಕಿ. ಗೆರೆ ನೋಡಿ. ತಗಡು ಹಾಕಿದ್ದರೆ ಮೊದಲ ಓಡಾಟದ ನಂತರ ಬೋಲ್ಟ್ ಇನ್ನೊಮ್ಮೆ ನೋಡಬೇಕು, ಪದರಗಳು ಕೂತು ಸ್ವಲ್ಪ ಸಡಿಲ ಬಿದ್ದಿರುತ್ತದೆ. ಮಳೆಗಾಲ ಕಳೆದ ಮೇಲೂ ಒಂದು ಸಲ ಬಿಚ್ಚಿ ನೋಡಿ. ಸಮತಟ್ಟು ರಸ್ತೆಯಲ್ಲಿ ನಿಧಾನ ಓಡಿಸುವ ಸೈಕಲಿಗೆ ಕ್ಯಾನ್ ಪಟ್ಟಿ ಬಹಳ ಕಾಲ ಬರಬಹುದು. ಕಾಡು ಗುಡ್ಡದಲ್ಲಿ ಹಾರಿಸುವ ಸೈಕಲಿಗೆ ಅದನ್ನು ನಾನು ಒಪ್ಪುವುದಿಲ್ಲ.

ಯಾವಾಗ ಎಸೆಯಬೇಕು?

ಕೂದಲಿನಂಥ ಗೆರೆ ಕಂಡು, ಉಗುರು ಅದಕ್ಕೆ ಸಿಕ್ಕಿಕೊಂಡರೆ. ಒರೆಸಿ ಬಿಗಿ ಮಾಡಿದ ಮೇಲೂ ಕಿರ್ ಕಿರ್ ನಿಲ್ಲದಿದ್ದರೆ. ಬಿದ್ದು ಬಾಗಿದ್ದರೆ. ಅಲ್ಯೂಮಿನಿಯಂ ಹ್ಯಾಂಡಲನ್ನು ಬಗ್ಗಿಸಿ ನೇರ ಮಾಡುವ ಯೋಚನೆಯೇ ಬೇಡ.

ಹಿಡಿಯ ರಬ್ಬರ್ ಮಾತ್ರ ತಿರುಗುತ್ತದೆ.

ತೆಗೆದು, ರಬ್ಬರಿನ ಒಳಗೂ ಕೊಳವೆಯ ಮೇಲೂ ಸೋಪಿನಿಂದ ತೊಳೆದು ಒಣಗಿಸಿ. ರಬ್ಬರಿನ ಒಳಗೆ ಹೇರ್‌ಸ್ಪ್ರೇ ಹೊಡೆದು ಕೂಡಲೇ ತಳ್ಳಿ. ಒದ್ದೆ ಇರುವಾಗ ಸಲೀಸಾಗಿ ಜಾರಿ ಹೋಗುತ್ತದೆ, ಒಣಗಿದ ಮೇಲೆ ಅಂಟಿಕೊಳ್ಳುತ್ತದೆ. ರಾತ್ರಿ ಪೂರ್ತಿ ಬಿಡಿ. ಹೇರ್‌ಸ್ಪ್ರೇ ಬ್ರೇಕ್ ಡಿಸ್ಕ್ ಅಥವಾ ರಿಮ್ ಮೇಲೆ ಬೀಳದಂತೆ ಮೊದಲೇ ಬಟ್ಟೆ ಮುಚ್ಚಿಕೊಳ್ಳಿ. ಎಣ್ಣೆ ಹಾಕಿ ತಳ್ಳಿದವರ ರಬ್ಬರ್ ಮಾತ್ರ ಯಾವತ್ತೂ ನಿಲ್ಲುವುದಿಲ್ಲ.